ನಕಾಶೆ ಕಂಡ ದಾರಿ

ಮಾಸ್ತರಿಕೆ ಮಾಡಿದವನ ಬೆರಳಿಗೆ ಸೀಮೆಸುಣ್ಣದ ಬಿಳುಪು ಹತ್ತಿದ್ದೇ ಹತ್ತಿದ್ದು. ನಿವೃತ್ತಿಯಾದರೂ ಅದು ಪೂರ್ತಿ ಹೋಗುವುದಿಲ್ಲ. ನಮ್ಮ ಬೆಳಗಾವಿ ಸೀಮೆಯಲ್ಲಿ ಅದಕ್ಕೆ ಖಡು ಎನ್ನುತ್ತಾರೆ. ಮೂವತ್ತು ವರ್ಷಕ್ಕೂ ಮೇಲೆ ಅದನ್ನು ಕೈಯಲ್ಲಿ ಹಿಡಿದು ಕರಿಹಲಗೆಯ ಮುಂದೆ ನಿಂತವನು ನಾನು. ಆದರೆ ಸೀಮೆಸುಣ್ಣಕ್ಕೆ ಒಂದು ಬೆಟ್ಟವಿದೆ, ಆ ಬೆಟ್ಟದ ಮೇಲೆ ಒಂದು ದಾರಿಯಿದೆ, ಆ ದಾರಿಗೂ ನಮ್ಮೂರಿನ ಹೊಲದ ದಾರಿಗೂ ಒಂದು ಬಗೆಯ ಬೀಗತನವಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಬೀಗತನದ ಕಥೆಯನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಶಾಲೆಯಲ್ಲಿ ನಾವು ಬಳಸುವ ಖಡು ಬಹುಮಟ್ಟಿಗೆ ಜಿಪ್ಸಮ್ಮಿನಿಂದ ಆದದ್ದು. ನಿಜವಾದ ಸೀಮೆಸುಣ್ಣ ಬೇರೆ. ಅದು ಮೃದುವಾದ ಸುಣ್ಣದ ಕಲ್ಲು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪುಗಳು ಸಮುದ್ರದ ತಳದಲ್ಲಿ ಕೋಟಿ ಕೋಟಿ ವರ್ಷ ಒಂದರ ಮೇಲೊಂದು ಬಿದ್ದು ಆದ ಹಾಸು. ಸುಮಾರು 10 ಕೋಟಿ ವರ್ಷಗಳಿಂದ 6.6 ಕೋಟಿ ವರ್ಷಗಳ ಹಿಂದಿನವರೆಗಿನ ಕಾಲದಲ್ಲಿ ಹೀಗೆ ಕೂಡಿಬಿದ್ದ ಹಾಸು ಮುಂದೆ ಮೇಲೆದ್ದು, ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಉದ್ದಕ್ಕೂ ಅಲೆಯಲೆಯಾದ ಗುಡ್ಡಗಳಾಗಿ ಹಬ್ಬಿದೆ. ಅವುಗಳಿಗೆ ಡೌನ್ಸ್ ಎಂದು ಹೆಸರು. ಇಂದಿನ ಇಂಗ್ಲಿಷಿನಲ್ಲಿ ಡೌನ್ ಎಂದರೆ ಕೆಳಗೆ. ಹಳೆಯ ಇಂಗ್ಲಿಷಿನಲ್ಲಿ ಡೂನ್ ಎಂದರೆ ಗುಡ್ಡ. ಹಳಗನ್ನಡದ ‘ಬಟ್ಟೆ’ ಎಂದರೆ ದಾರಿ ಎಂದು ಮಕ್ಕಳಿಗೆ ವಿವರಿಸಿ ದಣಿದ ನನಗೆ ಈ ಅರ್ಥಪಲ್ಲಟ ಹೊಸದೇನೂ ಅನ್ನಿಸಲಿಲ್ಲ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಆ ದೇಶಕ್ಕೆ ಹೋದಾಗ ಅವಳು ಒಂದು ರವಿವಾರ ನನ್ನನ್ನು ಆ ಗುಡ್ಡಗಳಿಗೆ ಕರೆದುಕೊಂಡು ಹೋದಳು. ಹುಲ್ಲಿನ ನಡುವೆ ಬಿಳಿಯ ದಾರಿಯೊಂದು ಗುಡ್ಡದ ನೆತ್ತಿಯನ್ನು ಬಿಡದೆ ಹಿಡಿದುಕೊಂಡು ಹೋಗಿತ್ತು. ನಾವು ನಡೆಯುತ್ತಿದ್ದಾಗ ಎದುರಿನಿಂದ ನಾಲ್ಕೈದು ಸೈಕಲ್ಲುಗಳು ಇಳಿದು ಬಂದವು. ಟಯರುಗಳು ನಮ್ಮ ಮೊಪೆಡ್ಡಿನ ಟಯರಿನಷ್ಟು ದಪ್ಪ. ನಮ್ಮನ್ನು ಕಂಡೊಡನೆ ಸವಾರರು ವೇಗ ತಗ್ಗಿಸಿ, ಒಂದು ಕಾಲನ್ನು ನೆಲಕ್ಕೆ ಊರಿ ನಿಂತು, ನಾವು ದಾಟಿ ಹೋಗುವವರೆಗೆ ಕಾದರು. ಇವರೆಷ್ಟು ಸಭ್ಯರು ಎಂದೆ. ಮಗಳು ನಕ್ಕಳು. ‘ಸಭ್ಯತೆಯೂ ಹೌದು ಪಪ್ಪಾ, ಕಾಯಿದೆಯೂ ಹೌದು’ ಎಂದಳು.

ಆ ಕಾಯಿದೆಯ ಹಿಂದೆ ಒಂದು ದೊಡ್ಡ ಕಥೆಯೇ ಇದೆ. ಅದನ್ನು ಹೇಳುವ ಮೊದಲು ನಮ್ಮ ಸೀಮೆಗೆ ಬರಬೇಕು. ಯಾಕೆಂದರೆ ಆ ಬಿಳಿಯ ದಾರಿಯ ಮೇಲೆ ನಿಂತಾಗ ನನಗೆ ನೆನಪಾದದ್ದು ಘೋಡಗೇರಿಯ ಸುತ್ತಿನ ಮರಡಿಗಳು.

ಘೋಡಗೇರಿ ಹುಕ್ಕೇರಿ ತಾಲ್ಲೂಕಿನ ಊರು. ಸಾಹಿತ್ಯಾಸಕ್ತರಿಗೆ ಅದರ ಪರಿಚಯ ಹೇಳಬೇಕಾದದ್ದಿಲ್ಲ, ಡಾ. ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ ಊರು ಅದು. ಗೋಕಾಕದ ಕಡೆಗೆ ಹೊರಳಿದರೆ ಆನಂದಕಂದರ ಬೆಟಗೇರಿ, ಬಸವರಾಜ ಕಟ್ಟೀಮನಿಯವರ ಮಲಾಮರಡಿ. ಈಚೆಗೆ ಗೋಕಾಕದಿಂದ ಬೇರ್ಪಟ್ಟು ಮೂಡಲಗಿಯೂ ತಾಲ್ಲೂಕಾಯಿತು. ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರೂ ತಾಲ್ಲೂಕುಗಳನ್ನು ಘಟಪ್ರಭೆಯ ಕೊಳ್ಳ ಒಂದೇ ದಾರದಲ್ಲಿ ಪೋಣಿಸಿದೆ. ನನ್ನ ಹಳ್ಳಿ ಘೋಡಗೇರಿಯ ನೆರೆಹೊರೆಯದು. ಘೋಡಗೇರಿ ಎಂಬ ಹೆಸರಿನ ಮೂಲ ಏನೇ ಇರಲಿ, ಮರಾಠಿ ಬಲ್ಲವರ ಕಿವಿಗೆ ಅದರಲ್ಲೊಂದು ಕುದುರೆ ಕೆನೆಯುತ್ತದೆ. ಈ ಕುದುರೆಯನ್ನು ತುಸು ನೆನಪಿನಲ್ಲಿಡಿ. ಮುಂದೆ ಅದರ ಜೋಡಿ ಸಿಕ್ಕಲಿದೆ.

ನಮ್ಮಲ್ಲಿ ಸೀಮೆಸುಣ್ಣದ ಗುಡ್ಡವಿಲ್ಲ. ಆದರೆ ನೆಲದ ವೈವಿಧ್ಯಕ್ಕೆ ಕೊರತೆಯಿಲ್ಲ. ಹುಕ್ಕೇರಿ, ಚಿಕ್ಕೋಡಿಗಳ ಕಡೆಗೆ ದಖನ್ನಿನ ಲಾವಾ ಕಲ್ಲು. ಅದು ಕರಗಿ ಆದ ಎರಿಮಣ್ಣು. ಗೋಕಾಕದ ಕಡೆಗೆ ಬಂದರೆ ನೂರು ಕೋಟಿ ವರ್ಷಕ್ಕೂ ಹಳೆಯದಾದ ಮರಳುಗಲ್ಲಿನ ಹಾಸು; ಘಟಪ್ರಭೆ ಸುಮಾರು 52 ಮೀಟರು ಎತ್ತರದಿಂದ ಧುಮುಕುವುದು ಆ ಹಾಸಿನ ಅಂಚಿನಿಂದಲೇ. ಇನ್ನೂ ಮೂಡಲಕ್ಕೆ ಯಾದವಾಡ, ಲೋಕಾಪುರಗಳತ್ತ ಸಾಗಿದರೆ ಸುಣ್ಣದ ಕಲ್ಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಪ್ರದೇಶದ ವರದಿಯಲ್ಲಿ ಈ ಶಿಲೆಗಳನ್ನೆಲ್ಲ ಕಲಾದಗಿಯ ಹೆಸರಿನಿಂದ ಕರೆದಿದ್ದಾನೆ. ಇಂಗ್ಲೆಂಡಿನ ಸೀಮೆಸುಣ್ಣದ ಕಡಲು ಬತ್ತುತ್ತಿದ್ದ ಸುಮಾರಿಗೆ ನಮ್ಮಲ್ಲಿ ಲಾವಾ ಹರಿಯುತ್ತಿತ್ತು. ಅಲ್ಲಿ ಬಿಳುಪು, ಇಲ್ಲಿ ಕಪ್ಪು. ಕರಿಹಲಗೆ ಮತ್ತು ಖಡುವಿನ ಸಂಬಂಧ ಅಷ್ಟು ಹಳೆಯದು ಎನ್ನೋಣವೆ?

ಇನ್ನು ದಾರಿಯ ಮಾತು. ಎರಿಹೊಲದಲ್ಲಿ ಮಳೆಗಾಲದ ಒಂದು ದಿನ ನಡೆದವರಿಗೆ ನಾನು ಹೇಳುವುದು ಕೂಡಲೇ ತಿಳಿಯುತ್ತದೆ. ಹತ್ತು ಹೆಜ್ಜೆಗೆ ಕಾಲು ಹತ್ತು ಸೇರು ತೂಗುತ್ತದೆ. ಚಕ್ಕಡಿಯ ಗಾಲಿ ಹೂತರೆ ನಾಲ್ಕು ಎತ್ತು ಹೂಡಿದರೂ ಅಲುಗುವುದಿಲ್ಲ. ಆದ್ದರಿಂದ ನಮ್ಮ ಹಿರಿಯರು ಊರಿಂದೂರಿಗೆ ಹೋಗುವ ದಾರಿಗಳನ್ನು ಸಾಧ್ಯವಿದ್ದಲ್ಲೆಲ್ಲ ಎರಿಯಿಂದ ಮೇಲಕ್ಕೆತ್ತಿ, ಗರಸು ನೆಲದ ಮಡ್ಡಿಯ ಮೇಲೆ, ಮರಡಿಯ ಬೆನ್ನಿನ ಮೇಲೆ ಹಾಯಿಸಿದರು. ಅಲ್ಲಿ ನೀರು ನಿಲ್ಲುವುದಿಲ್ಲ, ಗಾಲಿ ಹೂಳುವುದಿಲ್ಲ, ಬೆಳೆಯೂ ಹಾಳಾಗುವುದಿಲ್ಲ. ಇಂಗ್ಲೆಂಡಿನ ಜನ ಮಾಡಿದ್ದೂ ಇದನ್ನೇ. ಕೆಳಗಿನ ಕಣಿವೆಯ ಜಿಗುಟು ಮಣ್ಣನ್ನು ತಪ್ಪಿಸಿ, ನೀರು ಬಸಿದುಹೋಗುವ ಸೀಮೆಸುಣ್ಣದ ನೆತ್ತಿಯನ್ನು ಹಿಡಿದರು. ಅವರ ಪ್ರಾಚೀನ ದಾರಿಗೆ ರಿಜ್‌ವೇ ಎಂದೇ ಹೆಸರು. ಏಣುದಾರಿ ಎಂದು ಕನ್ನಡಿಸಬಹುದು. ಎರಡು ದೇಶದ ಒಕ್ಕಲಿಗರು ಒಬ್ಬರನ್ನೊಬ್ಬರು ಕೇಳದೆ ಒಂದೇ ಉತ್ತರವನ್ನು ಕಂಡುಕೊಂಡರು. ಮಳೆ ಎರಡೂ ಕಡೆ ಒಂದೇ ಪ್ರಶ್ನೆ ಕೇಳಿತ್ತಷ್ಟೆ.

ನಮ್ಮ ಶಾಸನಗಳಲ್ಲಿ ದತ್ತಿಭೂಮಿಯ ಮೇರೆಯನ್ನು ಹೇಳುವಾಗ ಹಳ್ಳ, ಹುತ್ತ, ನಟ್ಟ ಕಲ್ಲುಗಳ ಜೊತೆಗೆ ಬಟ್ಟೆ, ಹೆಬ್ಬಟ್ಟೆಗಳನ್ನೂ ಹೇಳುವುದುಂಟು. ದಾರಿಯೆಂದರೆ ಮೇರೆಗಲ್ಲಿನಷ್ಟು ಗಟ್ಟಿ ಎಂಬ ನಂಬಿಕೆ ಅದರ ಹಿಂದಿದೆ. ಈ ದಾರಿಗಳಲ್ಲಿ ಹೋದದ್ದು ಕಾಳುಕಡಿ ಮಾತ್ರವಲ್ಲ. ಸವದತ್ತಿಯ ಎಲ್ಲಮ್ಮನಿಗೂ ಚಿಂಚಲಿಯ ಮಾಯಕ್ಕನಿಗೂ ಚಕ್ಕಡಿಗಳ ಸಾಲು ಹೋಗುತ್ತಿತ್ತು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಊರೂರಿಗೆ ಹಬ್ಬಿದ್ದು, ಕೌಜಲಗಿ ನಿಂಗಮ್ಮನ ಕಂಠ ಈ ಸೀಮೆಯ ರಾತ್ರಿಗಳನ್ನು ತುಂಬಿದ್ದು ಟಾರು ರಸ್ತೆ ಬಂದ ಮೇಲಲ್ಲ. ಮದ್ದಳೆ, ತಾಳ, ಕಿರೀಟ, ಭುಜಕೀರ್ತಿಗಳ ಪೆಟ್ಟಿಗೆ ಹೇರಿಕೊಂಡ ಬಂಡಿ ಮರಡಿ ಏರಿ ಇಳಿಯುತ್ತಿತ್ತು. ಒಂದು ಕಲೆಯ ಚರಿತ್ರೆಯನ್ನು ಬರೆಯುವಾಗ ಅದು ಹಾಯ್ದ ದಾರಿಯನ್ನು ನಾವು ಬರೆಯುವುದೇ ಇಲ್ಲ.

ದಾರಿಯನ್ನು ಬರೆದವರು ಮೋಜಣಿಯವರು. ಮುಂಬಯಿ ಸರಕಾರದ ಹೊಸ ಪದ್ಧತಿಯ ಭೂಮಾಪನ 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳ ಕೈಯಲ್ಲಿ ಆರಂಭವಾಯಿತು. ಮುಂದೆ ಅದು ನಮ್ಮ ಕಡೆಗೂ ಬಂದಿತು. 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲಗಳಿಗೆ ಸರ್ವೆ ನಂಬರು ಬಿದ್ದು, ಊರಿಗೊಂದು ನಕಾಶೆಯಾಯಿತು. ಆ ನಕಾಶೆಯಲ್ಲಿ ಕಾಲುದಾರಿಗೆ ಒಂಟಿ ಚುಕ್ಕೆಗೆರೆ, ಬಂಡಿದಾರಿಗೆ ಜೋಡಿ ಚುಕ್ಕೆಗೆರೆ. ಅಲ್ಲಿಂದ ನಮ್ಮ ಕಂದಾಯದ ಕನ್ನಡಕ್ಕೆ ಒಂದು ಸೊಗಸಾದ ನುಡಿಗಟ್ಟು ಬಂದಿತು: ‘ನಕಾಶೆ ಕಂಡ ದಾರಿ’. ನಕಾಶೆಯಲ್ಲಿ ಕಂಡ ದಾರಿ ಎಂದು ಅದರ ಅರ್ಥ. ಆದರೆ ನಕಾಶೆಗೇ ಕಣ್ಣಿದೆ, ಅದು ಒಮ್ಮೆ ಕಂಡದ್ದನ್ನು ಮರೆಯುವುದಿಲ್ಲ ಎಂದೂ ಓದಿಕೊಳ್ಳಬಹುದು. ನಕಾಶೆ ಕಾಣದ ದಾರಿಗೂ ರಕ್ಷಣೆಯಿಲ್ಲದಿಲ್ಲ. 1882ರ ಈಸ್‌ಮೆಂಟ್ ಕಾಯಿದೆ 1891ರಲ್ಲಿ ಮುಂಬಯಿ ಪ್ರಾಂತಕ್ಕೂ ಅನ್ವಯವಾಯಿತು. ಒಬ್ಬನ ಹೊಲದಲ್ಲಿ ಹಾಯುವ ದಾರಿಯನ್ನು ಮತ್ತೊಬ್ಬ ತನ್ನ ಹಕ್ಕೆಂದು ತಡೆಯಿಲ್ಲದೆ 20 ವರ್ಷ ಬಳಸಿದರೆ ಆ ಹಕ್ಕು ನೆಲೆಗೊಳ್ಳುತ್ತದೆ ಎಂಬುದು ಅದರ ಒಂದು ತತ್ತ್ವ. ಗಮನಿಸಿ: ದಾರಿಯನ್ನು ಉಳಿಸುವುದು ಬಳಕೆ.

ಈ ಚುಕ್ಕೆಗೆರೆಗಳ ಮೇಲೆ ಸೈಕಲ್ಲು ಬಂದದ್ದು ಇನ್ನೊಂದು ಕಥೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬವನು ಎರಡು ಗಾಲಿಯ ಮರದ ಯಂತ್ರದ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಿದನು. ಇಂದಿನ ಸೈಕಲ್ಲಿನ ರೂಪ ನಿಂತದ್ದು 1885ರಲ್ಲಿ, ಇಂಗ್ಲೆಂಡಿನ ಸ್ಟಾರ್ಲಿಯ ಕೈಯಲ್ಲಿ. ಗೋಕಾಕ ಫಾಲ್ಸಿನ ನೂಲಿನ ಗಿರಣಿ ಸ್ಥಾಪನೆಯಾದ ವರ್ಷವೂ ಅದೇ. 1888ರಲ್ಲಿ ಡನ್‌ಲಪ್ಪನ ಗಾಳಿಯ ಟಯರು ಬಂದಿತು. ನಮ್ಮ ದೇಶದಲ್ಲಿ 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೆಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಕಾರಖಾನೆಗಳು ಹುಟ್ಟಿದ ಮೇಲೆ ಸೈಕಲ್ಲು ಸಾಹೇಬರ ಬಂಗಲೆಯಿಂದ ಇಳಿದು ಮಾಸ್ತರರ, ಪೋಸ್ಟಮನ್ನರ, ಹಾಲು ಮಾರುವವರ ಮನೆಯ ಗೋಡೆಗೆ ಒರಗಿತು.

ನಮ್ಮ ಮನೆಯ ಗೋಡೆಗೂ ಒರಗಿತು. ನನ್ನ ತಂದೆ ನೆರೆಯೂರಿನ ಪ್ರಾಥಮಿಕ ಶಾಲೆಯ ಮಾಸ್ತರರು. ಅವರ ಅಟ್ಲಾಸ್ ಸೈಕಲ್ಲಿನ ಕೊಳವೆಗಳ ತ್ರಿಕೋನದೊಳಗೆ ಕಾಲು ತೂರಿಸಿ ಸೈಕಲ್ ಕಲಿತವನು ನಾನು. ಮರಡಿಯ ದಾರಿಯಲ್ಲಿ ಅದನ್ನು ನಡೆಸುವುದು ಒಂದು ವಿದ್ಯೆಯೇ ಆಗಿತ್ತು. ಇಳುಕಲಿನಲ್ಲಿ ಮುಂದಿನ ಬ್ರೇಕು ಹಿಡಿಯಬಾರದು. ಹಿಡಿದರೆ ಮುಖ ಕೆಳಗಾಗಿ ಬೀಳುವುದು ಖಂಡಿತ. ಗಾಲಿಯನ್ನು ಚಕ್ಕಡಿಯ ಜಾಡಿನೊಳಗೆ ಇಳಿಸಬಾರದು, ಎರಡು ಜಾಡುಗಳ ನಡುವಿನ ದಿಂಡಿನ ಮೇಲೆ ಹೋಗಬೇಕು. ಜಾಲಿಯ ಮುಳ್ಳಿಗೆ ಪಂಕ್ಚರಾದರೆ ಮುಂದಿನ ಊರಿನವರೆಗೆ ತಳ್ಳಿಕೊಂಡು ಹೋಗಬೇಕು. ಎರಿಗೆ ಇಳಿದರಂತೂ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ತಿರುಗುವುದೇ ಇಲ್ಲ. ಆಗ ಸೈಕಲ್ಲೇ ಸವಾರನ ಹೆಗಲೇರುತ್ತದೆ. 1972ರ ಬರದಲ್ಲಿ ಎಷ್ಟೋ ಮನೆಗಳವರು ಎತ್ತು ಮಾರಿದರು. ಆ ವರ್ಷ ಬಂಡಿಯ ಕೆಲಸವನ್ನು ಸೈಕಲ್ಲೇ ಮಾಡಿತು. ತಂದೆ ನೆರೆಮನೆಯವರ ಜೋಳದ ಚೀಲವನ್ನು ಕ್ಯಾರಿಯರಿಗೆ ಬಿಗಿದು, ತಾವು ಪಕ್ಕದಲ್ಲಿ ನಡೆಯುತ್ತ ಮರಡಿ ದಾಟಿಸುತ್ತಿದ್ದುದನ್ನು ನಾನು ಕಂಡಿದ್ದೇನೆ.

ಈಗ ಸಮುದ್ರದಾಚೆ ನಡೆದ ಒಂದು ವಿನೋದವನ್ನು ಕೇಳಿ. 1976ರ ಅಕ್ಟೋಬರ್ 21ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಎಂಬಲ್ಲಿ ಕೆಲವು ಯುವಕರು 1930ರ ದಶಕದ ಭಾರವಾದ ಹಳೆಯ ಸೈಕಲ್ಲುಗಳನ್ನು ತಂದು, ಸುಮಾರು ಎರಡು ಮೈಲಿಯಲ್ಲಿ 1300 ಅಡಿ ಇಳಿಯುವ ಒಂದು ಮಣ್ಣಿನ ದಾರಿಯಲ್ಲಿ ಪಂದ್ಯ ಕಟ್ಟಿದರು. ಇಳಿದು ಮುಗಿಯುವಷ್ಟರಲ್ಲಿ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ತುಂಬಬೇಕಾಗುತ್ತಿತ್ತು. ಅದಕ್ಕೇ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರಾಯಿತು. ಮರುವರ್ಷ ಜೋ ಬ್ರೀಝ್ ಎಂಬವರು ಇಂಥ ದಾರಿಗೆಂದೇ ಹೊಸ ಚೌಕಟ್ಟನ್ನು ಕಟ್ಟಿದರು. ಹೀಗೆ ಹುಟ್ಟಿದ ಮೌಂಟನ್ ಬೈಕು 1996ರ ಅಟ್ಲಾಂಟಾ ಒಲಿಂಪಿಕ್ಸನ್ನು ಸೇರಿತು. ಇಂಗ್ಲೆಂಡಿನವರಾದರೋ ಇದಕ್ಕೂ ಮುಂಚೆ, 1955ರಲ್ಲಿಯೇ, ಒರಟು ದಾರಿಗಳಲ್ಲಿ ಸೈಕಲ್ ಒಯ್ಯುವವರ ಒಂದು ಕೂಟವನ್ನು ಕಟ್ಟಿಕೊಂಡಿದ್ದರು. ಈ ಸಂಗತಿಗಳನ್ನು ಓದಿದಾಗ ನನಗೆ ನಗೆ ಬಂದಿತು. ನನ್ನ ತಂದೆ ಯಾವ ಕೂಟಕ್ಕೂ ಸೇರದೆ, ಯಾವ ಪದಕವನ್ನೂ ಬಯಸದೆ ದಿನಕ್ಕೆರಡು ಸಲ ಮಾಡುತ್ತಿದ್ದ ಕೆಲಸಕ್ಕೆ ಜಗತ್ತು ಒಂದು ಹೆಸರನ್ನು ಇಟ್ಟಿತ್ತು.

ಆದರೆ ನಗೆಯ ಹಿಂದೆಯೇ ಒಂದು ವ್ಯಥೆಯೂ ಇದೆ. ಅವರು ಆಟಕ್ಕೆ ಬಳಸಿದರೂ ದಾರಿಯನ್ನು ಉಳಿಸಿಕೊಂಡರು. ನಾವು ಅನ್ನಕ್ಕೆ ಬಳಸಿಯೂ ಕಳೆದುಕೊಂಡೆವು.

ಉಳಿಸಿಕೊಂಡ ಬಗೆಯನ್ನು ಹೇಳುತ್ತೇನೆ. ಇಂಗ್ಲೆಂಡಿನಲ್ಲಿಯೂ ದೊಡ್ಡ ಜಮೀನುದಾರರು ಬೇಲಿ ಹಾಕಿ ದಾರಿಗಳನ್ನು ಮುಚ್ಚಿದವರೇ. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಕೆಲಸಗಾರರು ನಿಷೇಧವನ್ನು ಮುರಿದು ಗುಂಪಾಗಿ ಏರಿದರು. ಕೆಲವರು ಸೆರೆಮನೆಗೂ ಹೋದರು. 1949ರ ಕಾಯಿದೆ ಪ್ರತಿಯೊಂದು ಕೌಂಟಿಯೂ ತನ್ನ ಸಾರ್ವಜನಿಕ ದಾರಿಗಳ ಅಧಿಕೃತ ನಕಾಶೆಯನ್ನು ಮಾಡಬೇಕೆಂದು ವಿಧಿಸಿತು. 1968ರ ಕಾಯಿದೆ ಕುದುರೆದಾರಿಗಳಲ್ಲಿ ಸೈಕಲ್ ಸವಾರರಿಗೂ ಹಕ್ಕು ಕೊಟ್ಟಿತು. ಜೊತೆಗೊಂದು ಕಟ್ಟಳೆಯನ್ನೂ ಇಟ್ಟಿತು. ಸೈಕಲ್ಲಿನವನು ನಡೆಯುವವನಿಗೂ ಕುದುರೆ ಸವಾರನಿಗೂ ದಾರಿ ಬಿಟ್ಟುಕೊಡಬೇಕು. ಗುಡ್ಡದ ಮೇಲೆ ಆ ಯುವಕರು ನನಗಾಗಿ ಕಾಲೂರಿ ನಿಂತದ್ದು ಇದಕ್ಕೇ. ಈಗ ವಿಂಚೆಸ್ಟರಿನಿಂದ ಈಸ್ಟ್‌ಬೋರ್ನಿನವರೆಗೆ ಹೋಗುವ ಸೌತ್ ಡೌನ್ಸ್ ದಾರಿಯನ್ನು ಮೊದಲು ತೆರೆದದ್ದು 1972ರಲ್ಲಿ. ಇಂದು ಅದರ ಸುಮಾರು 160 ಕಿಲೋಮೀಟರಿನ ಉದ್ದಕ್ಕೂ ನಡೆಯುವವರು, ಕುದುರೆಯವರು, ಸೈಕಲ್ಲಿನವರು ಮೂವರೂ ಹೋಗಬಹುದು.

ಇಲ್ಲಿ ನಮ್ಮ ಕುದುರೆಯ ಜೋಡಿ ಸಿಗುತ್ತದೆ. ರಿಜ್‌ವೇಯ ಪಕ್ಕದಲ್ಲಿ ಅಫಿಂಗ್ಟನ್ ಎಂಬಲ್ಲಿ ಸುಮಾರು ಮೂರು ಸಾವಿರ ವರ್ಷಗಳ ಹಿಂದಿನವರು ಗುಡ್ಡದ ಮೈಯ ಹುಲ್ಲನ್ನು ಕೆತ್ತಿ, ಕಾಲುವೆ ತೋಡಿ, ಸೀಮೆಸುಣ್ಣ ಬಡಿದು ತುಂಬಿ, ನೂರು ಮೀಟರಿಗೂ ಉದ್ದದ ಒಂದು ಬಿಳಿ ಕುದುರೆಯನ್ನು ಬರೆದಿದ್ದಾರೆ. ಅದು ಕಲ್ಲಿನ ವಿಗ್ರಹವಲ್ಲ. ಕೆಲವು ವರ್ಷ ಹಾಗೇ ಬಿಟ್ಟರೆ ಹುಲ್ಲು ಬೆಳೆದು ಮುಚ್ಚಿಹೋಗುತ್ತದೆ. ಸುತ್ತಣ ಹಳ್ಳಿಗಳ ಜನ ತಲೆತಲಾಂತರದಿಂದ ಹುಲ್ಲು ಕೆರೆದು, ಹೊಸ ಸೀಮೆಸುಣ್ಣ ಬಡಿದು ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಅರಸರು ಬದಲಾದರು, ಧರ್ಮ ಬದಲಾಯಿತು, ಭಾಷೆಯೇ ಬದಲಾಯಿತು. ಕೆರೆಯುವುದು ಮಾತ್ರ ನಿಲ್ಲಲಿಲ್ಲ. ಆದ್ದರಿಂದ ಕುದುರೆ ಇದೆ.

ನಮ್ಮ ಕಡೆ ಏನಾಯಿತು? ತಪ್ಪನ್ನು ಯಾರೊಬ್ಬರ ತಲೆಗೂ ಕಟ್ಟುವುದು ಸುಲಭವಲ್ಲ. 51 ಟಿ.ಎಂ.ಸಿ. ನೀರು ಹಿಡಿಯುವ ಹಿಡಕಲ್ ಜಲಾಶಯ ಬಂದಿತು. ಹಿನ್ನೀರಿನಲ್ಲಿ ಊರುಗಳೂ ದಾರಿಗಳೂ ಮುಳುಗಿದವು. ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರಿಳಿದಾಗ ಮೇಲೆ ಕಾಣಿಸಿಕೊಳ್ಳುತ್ತದೆ, ಜನ ಕೆಸರು ಒಣಗಿದ ನೆಲದ ಮೇಲೆ ಹೊಸದಾಗಿ ಹಾದಿ ಮಾಡಿಕೊಂಡು ದರ್ಶನಕ್ಕೆ ಹೋಗುತ್ತಾರೆ. ಕಾಲುವೆ ನೀರು ಜೋಳದ ಸೀಮೆಯನ್ನು ಕಬ್ಬಿನ ಸೀಮೆಯಾಗಿಸಿತು. ಬಡತನ ಕಡಿಮೆಯಾಯಿತು, ಇದನ್ನು ಮರೆತು ಹಳೆಯದನ್ನು ಹಾಡುವವನು ನಾನಲ್ಲ. ಆದರೆ ನೆಲಕ್ಕೆ ಬೆಲೆ ಬಂದಂತೆ ದಾರಿಗೆ ಬೆಲೆ ಹೋಯಿತು. ಎತ್ತು ಹೋಗಿ ಟ್ರ್ಯಾಕ್ಟರು, ಸೈಕಲ್ಲು ಹೋಗಿ ಮೋಟರ್ ಸೈಕಲ್ಲು ಬಂದವು. ಅವೆಲ್ಲ ಕೆಳಗಿನ ಟಾರು ರಸ್ತೆಯನ್ನು ಹಿಡಿದವು. ಮರಡಿಯ ದಾರಿಯಲ್ಲಿ ಹೋಗುವವರಿಲ್ಲವಾದರು. ಎರಡೂ ಬದಿಯ ಹೊಲದವರು ವರ್ಷಕ್ಕೊಂದು ಸಾಲಿನಂತೆ ಉತ್ತರು. ದಾರಿ ಒಮ್ಮೆಲೇ ಸಾಯುವುದಿಲ್ಲ, ಸಾಲು ಸಾಲಾಗಿ ಸಾಯುತ್ತದೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದ್ದು ನಿಮಗೆ ನೆನಪಿರಬೇಕು. ಗೋಕಾಕದ ಬಳಿ ಲೋಳಸೂರ ಸೇತುವೆ ಮುಳುಗಿತು. ಊರೊಳಗೆ ನೀರು ನುಗ್ಗಿತು. ನಮ್ಮ ಹಳ್ಳಿಯಿಂದ ಹೊರಗೆ ಹೋಗುವ ಟಾರು ರಸ್ತೆ ತಗ್ಗಿನಲ್ಲಿ ಎರಡು ಕಡೆ ನೀರಿನ ಕೆಳಗೆ ಹೋಯಿತು. ಆಗ ಊರಿನ ಮುದುಕರಿಗೆ ಮರಡಿಯ ದಾರಿ ನೆನಪಾಯಿತು. ಆ ದಿನ ಒಬ್ಬ ಮುದುಕಿಯನ್ನು ದವಾಖಾನೆಗೆ ಸಾಗಿಸಬೇಕಾಗಿತ್ತು. ಹೊರಸಿನ ಮೇಲೆ ಮಲಗಿಸಿ ನಾಲ್ವರು ಹೊತ್ತು ನಡೆದರು. ಅರ್ಧ ದಾರಿ ಸರಿಯಾಗಿಯೇ ಇತ್ತು. ಮುಂದೆ ಆಳೆತ್ತರದ ಕಬ್ಬು. ಕುಡುಗೋಲು ತರಿಸಿ, ಮಳೆಯಲ್ಲಿ ಕಬ್ಬು ಸವರಿ, ಒಂದು ಹೊರಸು ಹಾಯುವಷ್ಟು ಸಂದು ಮಾಡುವುದಕ್ಕೆ ಎರಡು ತಾಸು ಹಿಡಿಯಿತು. ಆಕೆ ಬದುಕಿ ಬಂದಳು, ಅದು ದೈವಕೃಪೆ. ಆ ಕಬ್ಬು ಯಾರದು ಎಂದು ನೀವು ಕೇಳಬಹುದು. ಅದು ನಮ್ಮ ಕಬ್ಬು.

ತಂದೆ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ ಹೊಲವನ್ನು ಊರಿನ ಒಬ್ಬ ಯುವಕ ಪಾಲಿಗೆ ಮಾಡುತ್ತಿದ್ದಾನೆ. ವರ್ಷಕ್ಕೊಮ್ಮೆ ಬಂದ ಹಣವನ್ನು ನಾನು ಎಣಿಸಿ ಇಟ್ಟುಕೊಂಡವನೇ ಹೊರತು ಹೊಲದ ಮೇರೆಯನ್ನು ನೋಡಿದವನಲ್ಲ. ನೆರೆ ಇಳಿದ ಮೇಲೆ ಈ ಸುದ್ದಿ ಕೇಳಿ ಊರಿಗೆ ಹೋದೆ. ಭೂಮಾಪನ ಇಲಾಖೆ ಈಗ ಗ್ರಾಮ ನಕಾಶೆಗಳನ್ನು ಅಂತರ್ಜಾಲದಲ್ಲಿಯೂ ಒದಗಿಸಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ಅದನ್ನು ತೆಗೆದು ತೋರಿಸಿದ. ಜೋಡಿ ಚುಕ್ಕೆಗೆರೆ ಊರಿನಿಂದ ಹೊರಟು, ಮರಡಿ ಏರಿ, ಇಳಿದು, ನೇರವಾಗಿ ನಮ್ಮ ಸರ್ವೆ ನಂಬರಿನ ಒಳಗೆ ಬಂದು, ಆಚೆಯ ಬಾಂದಗಲ್ಲಿನ ಬಳಿ ಹೊರಗೆ ಹೋಗಿತ್ತು. ಚೀಲ ಹೇರಿದ ಸೈಕಲ್ಲಿನ ಪಕ್ಕದಲ್ಲಿ ನನ್ನ ತಂದೆ ನಡೆದ ದಾರಿ ಅದು.

ಪಾಲಿನ ಯುವಕನನ್ನು ಕೇಳಿದೆ. ಅವನು ತಕರಾರು ಮಾಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ‘ಕಾಕಾ, ನಕಾಶ್ಯಾಗ ಹಾದಿ ಐತ್ರಿ, ಇಲ್ಲ ಅನ್ನಾಂಗಿಲ್ಲ. ಆದರ ಆ ಹಾದೀಲೆ ಹೋಗಾವ್ರು ಯಾರದಾರ ಹೇಳ್ರಿ?’ ಎಂದ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಚುಕ್ಕೆಗೆರೆಯನ್ನು ಕಾಯಿದೆ ಉಳಿಸಬಹುದು. ದಾರಿಯನ್ನು ಉಳಿಸುವುದು ಕಾಲು, ಗೊರಸು ಮತ್ತು ಗಾಲಿ. ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಸರಕಾರ ಹೊಲದ ದಾರಿಗಳನ್ನು ಮಾಡಿಸಿದ್ದುಂಟು. ಮಾಡಿಸಿದ ಮೇಲೆ ಹಾಯುವವರು ಬೇಕಲ್ಲ?

ಉತ್ತರ ಬಂದದ್ದು ಆ ನಕಾಶೆ ತೆಗೆದು ತೋರಿಸಿದ ಹುಡುಗನಿಂದಲೇ. ಅವನಿಗೆ ಸೈಕಲ್ಲಿನ ಹುಚ್ಚು. ಇದು ನಮ್ಮ ಸೀಮೆಗೆ ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಜಮಖಂಡಿಗಳು ಸೈಕಲ್ ಪಟುಗಳ ತವರು, ರಾಮದುರ್ಗದ ಬಳಿಯ ಚಂದರಗಿಯ ಕ್ರೀಡಾಶಾಲೆಯಲ್ಲಿಯೂ ಮಕ್ಕಳು ಸೈಕಲ್ ಪಂದ್ಯಕ್ಕೆ ತಯಾರಾಗುತ್ತಾರೆ. ಗದಗದ ಬಳಿ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಪಂದ್ಯವೂ ನಡೆದಿದೆ. ಆ ಹುಡುಗ ಮತ್ತು ಅವನ ಗೆಳೆಯರು ದಪ್ಪ ಟಯರಿನ ಸೈಕಲ್ಲುಗಳನ್ನು ತಂದು ರವಿವಾರಗಳಂದು ಎಲ್ಲಿ ಓಡಿಸುವುದೆಂದು ಹುಡುಕುತ್ತಿದ್ದರು. ‘ಸರ್, ಈ ಚುಕ್ಕೆಗೆರೆ ಎಲ್ಲೀತನಾ ಹೋಗತದ ನೋಡೂಣೇನ್ರಿ?’ ಎಂದು ಕೇಳಿದ. ನೋಡೋಣ ಎಂದೆ.

ಮೊದಲು ನಮ್ಮ ಹೊಲದಿಂದಲೇ ಆರಂಭಿಸಬೇಕಾಯಿತು. ಆ ಸಲದ ಕಬ್ಬು ಕಡಿದ ಮೇಲೆ ಎಂಟು ಅಡಿ ಅಗಲದ ಪಟ್ಟಿಯನ್ನು ಬಿಟ್ಟೆವು. ಪಾಲಿನ ಯುವಕನಿಗೆ ಆಗುವ ನಷ್ಟವನ್ನು ನನ್ನ ಪಾಲಿನಲ್ಲಿ ಹಿಡಿದುಕೊಳ್ಳಬೇಕೆಂದು ಮಾತಾಯಿತು. ಅದು ದೊಡ್ಡ ಮೊತ್ತವೇನಲ್ಲ. ಇಷ್ಟು ವರ್ಷ ದಾರಿಯ ನೆಲದ ಕಬ್ಬಿನ ಹಣವನ್ನು ಉಂಡವನು ಕೊಡಬೇಕಾದ ಬಾಕಿ. ನೆರೆಹೊಲದವರಲ್ಲಿ ಒಬ್ಬರು ತಾವೂ ಬಿಟ್ಟರು. ಒಬ್ಬರು ಇನ್ನೂ ಬಿಟ್ಟಿಲ್ಲ. ಅಲ್ಲಿ ಸೈಕಲ್ಲಿನ ಹುಡುಗರು ಬದುವಿನ ಮೇಲೆ ಸೈಕಲ್ ಹೊತ್ತುಕೊಂಡು ದಾಟುತ್ತಾರೆ. ಹುಡುಗರಿಗೆ ನಾನು ಹೇಳಿದ ಮಾತು ಎರಡೇ. ಮಳೆ ಬಂದ ಮರುದಿನ ಬರಬೇಡಿ. ಹಸಿ ನೆಲದಲ್ಲಿ ಗಾಲಿಯ ಗೆರೆ ಕಾಲುವೆಯಾಗುತ್ತದೆ. ಎದುರಿಗೆ ತಲೆಹೊರೆಯವರು ಬಂದರೆ ಕಾಲೂರಿ ನಿಲ್ಲಿ. ಎರಡನೆಯದಕ್ಕೆ ನಮ್ಮಲ್ಲಿ ಕಾಯಿದೆ ಬೇಕಾಗಲಿಲ್ಲ. ತಲೆಹೊರೆಗೆ ದಾರಿ ಬಿಡುವುದು ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಇರುವ ರೀತಿ.

ಈ ಮಾತುಗಳನ್ನು ಕೇಳುತ್ತಿರುವ ನಿಮ್ಮಲ್ಲಿ ಅನೇಕರು ನನ್ನಂತೆಯೇ ಊರು ಬಿಟ್ಟು ಪಟ್ಟಣ ಸೇರಿದವರು. ಊರಿನಲ್ಲಿ ತುಂಡು ಹೊಲ ಉಳಿಸಿಕೊಂಡವರು. ನಿಮ್ಮೂರಿನ ನಕಾಶೆಯನ್ನು ಒಮ್ಮೆ ತೆಗೆದು ನೋಡಿ. ಚುಕ್ಕೆಗೆರೆ ಯಾರ ಹೊಲದಲ್ಲಿ ಹಾಯುತ್ತದೆ ಎಂದು ಹುಡುಕುವಾಗ ನಿಮ್ಮ ಹೊಲದಿಂದಲೇ ಆರಂಭಿಸಿ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಸೋಮವಾರ ಬೆಳಿಗ್ಗೆ ಮರಡಿಯ ಕಡೆಗೆ ನಡೆದೆ. ಮುಂದೆ ಇಬ್ಬರು ಹೆಣ್ಣುಮಕ್ಕಳು ಮೇವಿನ ಹೊರೆ ಹೊತ್ತು ಹೋಗುತ್ತಿದ್ದರು. ನೆಲದ ಮೇಲೆ ಹಿಂದಿನ ದಿನದ ದಪ್ಪ ಟಯರುಗಳ ಗುರುತು ಇತ್ತು. ಅದರ ಮೇಲೆ ಎಮ್ಮೆಗಳ ಗೊರಸು ಬಿದ್ದು, ಟಯರಿನ ಗೆರೆಗಳು ಆಗಲೇ ಅರ್ಧ ಅಳಿಸಿಹೋಗಿದ್ದವು.